ಯುದ್ಧವಿಮಾನಕ್ಕೊಂದು ಬಾಳೂರು ಏರು

ಈ ಬೆಳಿಗ್ಗೆ ಬಿಚ್ಚಿದ ಗೇರ್‌ಬಾಕ್ಸನ್ನು ನೆಲಕ್ಕೆ ಹಾಸಿದ್ದ ಪತ್ರಿಕೆಯ ಮೇಲಿಟ್ಟಾಗ ಆಯಿಲ್ ಹರಡಿ ಒಂದು ಯುದ್ಧವಿಮಾನದ ಚಿತ್ರವನ್ನು ನುಂಗತೊಡಗಿತು. ಕೆಳಗಿನ ಸುದ್ದಿ ಓದಿದೆ. ಯಾವ ವಿಮಾನ ಕೊಳ್ಳಬೇಕೆಂದು ಸರ್ಕಾರದವರು ಮತ್ತೊಮ್ಮೆ ಪರಿಶೀಲಿಸುತ್ತಾರಂತೆ. ಮೈ ಉರಿಯಿತು. ಗೇರ್ ಆಯಿಲಿನ ವಾಸನೆಯ ಜೊತೆಗೆ ಸುಬ್ಬಣ್ಣನೂ ನೆನಪಾದ.

ಸುಬ್ಬಣ್ಣ ವಾಯುಪಡೆಯಲ್ಲಿ ವಿಮಾನ ರಿಪೇರಿ ಮಾಡಿ, ನಿವೃತ್ತನಾಗಿ ಬಣಕಲ್ಲಿಗೆ ಬಂದವನು. ನಾನು ಮೂಡಿಗೆರೆಯಲ್ಲಿ ಹಳೇ ಜೀಪು ಕೊಂಡು ಮಾರುವವನು. ಜೀಪು ತೊಳೆಯುವುದರಿಂದ ಶುರುಮಾಡಿ ಸ್ವಂತ ಶೆಡ್ ಕಟ್ಟಿದವನಾದ್ದರಿಂದ ಕೇಳದವರಿಗೂ ಸಲಹೆ ಕೊಡುವ ಚಟ. ಅವನು ಹರಕು ಸೀಟಿನ ಮೇಲೆ ಕೂತು ಕಾಫಿ ಕುಡಿಯುತ್ತಿದ್ದರೆ ನಾನು ದೇಶಕ್ಕೆ ವಿಮಾನ ಆರಿಸಿಕೊಡುತ್ತಿದ್ದೆ.

ನೋಡಿ, ನಮ್ಮಲ್ಲಿ ಪೇಟೆಯ ಸಪಾಟು ರಸ್ತೆಯಲ್ಲಿ ಓಡಿಸಿ ನೋಡಿ ಯಾರೂ ಜೀಪು ಕೊಳ್ಳುವುದಿಲ್ಲ. ಕಾಫಿ ಮೂಟೆ ಹೇರಿ, ಬಾಳೂರಿನ ಏರು ಹತ್ತಿಸಿ, ನಡುವೆ ನಿಲ್ಲಿಸಿ, ಮತ್ತೆ ಎತ್ತಬೇಕು. ಆಮೇಲೆ ಬಿಡಿಭಾಗ ಎಲ್ಲಿ ಸಿಗುತ್ತದೆಂದು ಕೇಳಬೇಕು. ಕೊಳ್ಳುವ ಬೆಲೆ ಬರೀ ಮದುವೆಯ ಖರ್ಚು; ಸಂಸಾರ ಆಮೇಲಿನದು. ಇದ್ದದ್ದೆಲ್ಲ ಸುರಿದು ಶೋಕಿಯ ಗಾಡಿ ತಂದ ಸಾಹುಕಾರರೊಬ್ಬರು ಕೊಯ್ಲಿನ ಹೊತ್ತಿಗೆ ಅದನ್ನು ಟಾರ್ಪಾಲಿನಡಿ ಮಲಗಿಸಿ, ಹೊರದೇಶದ ಬಿಡಿಭಾಗಕ್ಕೆ ಕಾದದ್ದನ್ನು ಕಂಡಿದ್ದೇನೆ.

"ವಿಮಾನಾನೂ ಹಂಗೇ ತಗೊಳ್ಬೇಕು," ಅಂದೆ ಒಮ್ಮೆ. "ನಾಲ್ಕು ನಮೂನೆ ತಂದ್ರೆ ನಾಲ್ಕು ನಮೂನೆ ಸ್ಪೇರು. ಹಾರ್ಸೋ ಖರ್ಚು, ಪೈಲಟ್ ತರಬೇತಿ, ಎಲ್ಲ ಸೇರ್ಸಿ ಚೌಕಾಸಿ ಮಾಡ್ಬೇಕು. ನನ್ನ ಕಳ್ಸು, ಮುಗ್ಸ್ಕಂಡು ಬರ್ತೀನಿ."

"ನಿನ್ನ ಕಳ್ಸಿದ್ರೆ, ರೆಕ್ಕೆ ಒಂದೇ ಸಾಕು ರೇಟು ಅರ್ಧ ಮಾಡಿ ಅಂತೀಯ ಮಾರಾಯ."

ಇಬ್ಬರೂ ನಕ್ಕೆವು. ಆಮೇಲೆ ಅವನು ಲೋಟ ಕೆಳಗಿಟ್ಟ.

"ನೀ ಹೇಳೋದು ಅವ್ರಿಗೂ ಗೊತ್ತು. ಆರ್ಸ್ತಾನೇ ಇರ್ತಾರೆ, ಅದೇ ಕಷ್ಟ. ಅಲ್ಲೀವರ್ಗೂ ಹಳೇದು ಹಾರ್ತಿರುತ್ತೆ. ಒಬ್ಬ ಹುಡುಗ ಪೈಲಟ್ ಇದ್ದ. ಹತ್ತೋ ಮುಂಚೆ, 'ಸಂಜೆವರ್ಗಾದ್ರೂ ಬರುತ್ತಾ ಇದು?' ಅಂತ ನನ್ನ ಛೇಡಿಸೋನು. ಒಂದಿನ ವಿಮಾನ ಬರ್ಲಿಲ್ಲ. ಅವ್ನೂ ಬರ್ಲಿಲ್ಲ."

ಸುಬ್ಬಣ್ಣ ಈಗಿಲ್ಲ. ಆರಿಸುವವರು ಇನ್ನೂ ಆರಿಸುತ್ತಿದ್ದಾರೆ. ಕೇಳಿದರೆ ದುಡ್ಡು ಕಡಿಮೆ ಎನ್ನುತ್ತಾರೆ. ದುಡ್ಡು ಕಡಿಮೆ ಇದ್ದವನು ಬೇಗ ನಿರ್ಧರಿಸಬೇಕು ಸ್ವಾಮಿ, ತಡಮಾಡುವ ಶೋಕಿ ಅವನಿಗೆ ಪೂರೈಸುವುದಿಲ್ಲ. ಇವರನ್ನೆಲ್ಲ ಹಳೇ ವಿಮಾನದ ಹಿಂದಿನ ಸೀಟಿನಲ್ಲಿ ಕೂರಿಸಿ ಒಂದು ಸುತ್ತು ಹಾರಿಸಿ. ಇಳಿದ ಕೂಡಲೇ ಸಹಿ ಬೀಳುತ್ತದೆ.

ಹೀಗೆ ಕುದಿಯುತ್ತಿರುವಾಗಲೇ ಬಾಳೂರಿನ ತೋಟದ ಧರ್ಮಪ್ಪನವರು ಡ್ರೈವರ್ ಲೋಕೇಶನ ಜೊತೆ ತಮ್ಮ ಹಳೇ ಜೀಪಿನಲ್ಲಿ ಬಂದರು. ಎರಡು ಕೊಯ್ಲಿನಿಂದ ನನ್ನ ಜೀಪುಗಳನ್ನು ನೋಡಿ, ಮುಟ್ಟಿ, ಹಾಗೇ ಹೋಗುವ ಗಿರಾಕಿ. ಅವರ ಹಳೇ ಜೀಪಿನ ಬ್ರೇಕು ಮತ್ತೆ ಮತ್ತೆ ತುಳಿದರಷ್ಟೇ ಹಿಡಿಯುತ್ತದೆ. ಅದರಲ್ಲೇ ಲೋಕೇಶ ದಿನಾ ಆಳುಗಳನ್ನು ತೋಟಕ್ಕೆ ಹತ್ತಿಸುತ್ತಾನೆ.

"ಮುಂದಿನ ವಾರ ಹೇಳ್ತೀನಿ. ನೀವೂ ರೇಟು ಸ್ವಲ್ಪ ನೋಡಿ," ಎಂದರು.

ರೇಟಿನಲ್ಲಿ ನಾನು ಎಂದೂ ಮೊದಲು ಬಗ್ಗಿದವನಲ್ಲ. "ನಿಮ್ಮ ರೇಟೇ ಆಗ್ಲಿ," ಅಂದೆ. ಲೋಕೇಶನ ಕೈಯಿಂದ ಹಳೇ ಜೀಪಿನ ಕೀಲಿ ತೆಗೆದು ಜೇಬಿಗೆ ಹಾಕಿಕೊಂಡು, ಶೆಡ್ಡಿನಲ್ಲಿದ್ದ ಹಸಿರು ಜೀಪಿನದನ್ನು ಕೊಟ್ಟೆ.

"ಇದೇನ್ರೀ, ನಾನಿನ್ನೂ ಆರ್ಸಿಲ್ಲ," ಎಂದರು ಧರ್ಮಪ್ಪನವರು.

"ನೀವು ಆರ್ಸ್ತಾ ಇರಿ. ಅಲ್ಲೀವರ್ಗೂ ಲೋಕೇಶ ಇದ್ರಲ್ಲಿ ಹೋಗ್ಲಿ. ಹಳೇದು ಇಲ್ಲಿಂದ ಕದಲಲ್ಲ."

ಲೋಕೇಶ ಹತ್ತಿ ಕೂತು, ರೂಢಿಯಂತೆ ಬ್ರೇಕನ್ನು ಮತ್ತೆ ಮತ್ತೆ ತುಳಿದ. ಮೊದಲ ಸಲಕ್ಕೇ ಹಿಡಿದಿತ್ತು.