ಸಂತೆಯ ಸಂಶೋಧನೆ ಮತ್ತು ಅಧ್ಯಕ್ಷರ ತಾಯಿ

ನಾನು ಪಿಎಚ್‌.ಡಿ.ಗೆ ಸೇರಿದ್ದು ಜ್ಞಾನದಾಹದಿಂದ ಎಂದು ಸಭೆಗಳಲ್ಲಿ ನನ್ನ ಪರಿಚಯ ಮಾಡಿಕೊಡುವವರು ಈಗಲೂ ಹೇಳುತ್ತಾರೆ. ನಾನು ತಲೆ ತಗ್ಗಿಸಿ ಕೂತಿರುತ್ತೇನೆ. ಅದನ್ನು ವಿನಯವೆಂದು ಸಭೆ ತಿಳಿಯುತ್ತದೆ. ನಿಜ ಹೇಳಬೇಕೆಂದರೆ ನಾನು ಸೇರಿದ್ದು ಬಸ್ಸು ಹತ್ತುವುದಕ್ಕೆ.

ತೊಂಬತ್ತರ ದಶಕದ ಬಸವಕಲ್ಯಾಣದಲ್ಲಿ ಮದುವೆಯಾಗದ ಹೆಣ್ಣುಮಗಳೊಬ್ಬಳು, ಅವಳು ಸಂಬಳ ತರುವವಳೇ ಆಗಿದ್ದರೂ, ಊರು ಬಿಟ್ಟು ಹೊರಡಲು ಮೂರೇ ಕಾರಣಗಳಿಗೆ ಮಾನ್ಯತೆ ಇತ್ತು. ಮದುವೆ, ಮಣ್ಣು, ದೇವರು. ನಮ್ಮ ಬಳಗದಲ್ಲಿ ಮದುವೆಯಾಗಬೇಕಾದವರೆಲ್ಲ ಆಗಿದ್ದರು, ಸಾಯಬೇಕಾದವರು ಗಟ್ಟಿಮುಟ್ಟಾಗಿದ್ದರು. ದೇವರುಗಳಂತೂ ನಡೆದು ಹೋಗುವಷ್ಟು ದೂರದಲ್ಲೇ ಇದ್ದರು. ಭೂಪಟದ ಮೇಲೆ ಬೆರಳಾಡಿಸುವುದನ್ನು ಬಿಟ್ಟರೆ ನನ್ನ ತಿರುಗಾಟದ ಹುಚ್ಚಿಗೆ ಬೇರೆ ದಾರಿ ಇರಲಿಲ್ಲ. ಹುಮನಾಬಾದದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದೆನಾದ್ದರಿಂದ ಆ ಬೆರಳಾಟಕ್ಕೆ ಪಗಾರವೂ ಸಿಗುತ್ತಿತ್ತು. ಬೆಳಿಗ್ಗೆ ಕಲ್ಯಾಣದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿ ಸಸ್ತಾಪುರ ಬಂಗ್ಲಾದಲ್ಲಿ ಹೈವೇ ಸೇರುವಾಗ, ಎದುರು ಬರುವ ಸೊಲ್ಲಾಪುರ, ಪುಣೆ, ಮುಂಬೈ ಬೋರ್ಡಿನ ಬಸ್ಸುಗಳನ್ನು ಹಸಿದವಳು ಮಿಠಾಯಿ ಅಂಗಡಿ ನೋಡಿದಂತೆ ನೋಡುತ್ತಿದ್ದೆ. ನನ್ನ ಬಸ್ಸು ಶಿಸ್ತಿನಿಂದ ಹುಮನಾಬಾದಕ್ಕೆ ಹೋಗಿ ನಿಲ್ಲುತ್ತಿತ್ತು.

ಅವ್ವನಿಗೆ ನನ್ನ ಮೇಲೆ ಸಿಟ್ಟೇನೂ ಇರಲಿಲ್ಲ. ‘ಎಲ್ಲಿಗಿ, ಯಾಕ’ ಎಂದು ಓಣಿಯವರು ಕೇಳಿದರೆ ಉತ್ತರ ಕೊಡಬೇಕಾದವಳು ತಾನು ಎಂಬುದಷ್ಟೇ ಅವಳ ಕಷ್ಟ. ಸುಮ್ಮನೆ ಊರು ನೋಡಲು ಹೋಗಿದ್ದಾಳೆ ಎಂದು ಹೇಳುವುದು ಹೇಗೆ? ಹಾಗೆ ಹೇಳಿದ ಮನೆಯಿಂದ ಹೆಣ್ಣು ತರುವುದಿರಲಿ, ಆ ಮನೆಗೆ ಹೆಪ್ಪಿಗೆ ಮಜ್ಜಿಗೆಯನ್ನೂ ಕೊಡುವುದಿಲ್ಲವೆಂದು ಅವಳು ನಂಬಿದ್ದಳು. ಹೀಗಿರುವಾಗ ಸಹೋದ್ಯೋಗಿಯೊಬ್ಬರ ತಂಗಿ ಸಂಶೋಧನೆಗೆ ಸೇರಿದ ಸುದ್ದಿ ಬಂತು. ಅವಳು ವಾರಕ್ಕೊಂದು ಊರಿಗೆ ಹೋಗುತ್ತಾಳೆ, ಮಾತಾಡಬೇಕಾದವರೆಲ್ಲ ಬಾಯಿ ಮುಚ್ಚಿಕೊಂಡು ಗೌರವದಿಂದ ನೋಡುತ್ತಾರೆ ಎಂದು ಕೇಳಿದಾಗ ನನ್ನೊಳಗೆ ಜ್ಞಾನದಾಹ ಧಗ್ಗನೆ ಹೊತ್ತಿಕೊಂಡಿತು.

ಪರೀಕ್ಷೆ ಬರೆದೆ, ಸೀಟು ಸಿಕ್ಕಿತು. ವಿಶ್ವವಿದ್ಯಾಲಯ ಅರ್ಧ ದಿನದ ದಾರಿ. ನನಗೆ ಸಿಕ್ಕ ಮಾರ್ಗದರ್ಶಕರು ಇತಿಹಾಸದಲ್ಲಿ ದೊಡ್ಡ ಹೆಸರು. ಅವರ ಟೇಬಲ್ಲಿನಿಂದ ಕ್ಯಾಂಟೀನಿನವರೆಗಿನ ಪ್ರದೇಶವನ್ನು ಅವರಷ್ಟು ಆಳವಾಗಿ ಬಲ್ಲವರು ಇರಲಿಲ್ಲ. ನಾನು ವಿಷಯ ಬರೆದುಕೊಂಡು ಹೋಗಿದ್ದೆ: ಕಲ್ಯಾಣದಿಂದ ಹೊರಟು ಕಡಲತೀರ ಮುಟ್ಟುತ್ತಿದ್ದ ಹಳೆಯ ವ್ಯಾಪಾರದ ದಾರಿಗಳು. ಆ ದಾರಿಗಳಲ್ಲೆಲ್ಲ ನಾನು ಚೀಲ ಹೆಗಲಿಗೇರಿಸಿ ನಡೆಯುತ್ತಿರುವ ಚಿತ್ರ ನನ್ನ ಕಣ್ಣ ಮುಂದೆ ಇತ್ತು. ಅವರು ಕನ್ನಡಕ ತೆಗೆದು ಒರೆಸಿದರು. ಹೆಣ್ಣುಮಕ್ಕಳು ಅಷ್ಟು ದೂರ ತಿರುಗುವುದು ಸರಿಯಲ್ಲ, ವಿಷಯವೂ ಬಹಳ ವಿಶಾಲವಾಯಿತು ಎಂದರು. ಅದನ್ನು ಹಿಂಡಿ, ಒಣಗಿಸಿ, ಮಡಚಿ ಅವರು ನನ್ನ ಕೈಗೆ ವಾಪಸು ಕೊಟ್ಟಾಗ ಅದು ಹೀಗಿತ್ತು: ‘ಬಸವಕಲ್ಯಾಣ ಮತ್ತು ಹುಮನಾಬಾದ ತಾಲೂಕುಗಳ ವಾರದ ಸಂತೆಗಳು’.

ಜಗತ್ತು ನೋಡಬೇಕೆಂದು ಹೊರಟವಳಿಗೆ, ಅವ್ವನ ಸೆರಗು ಹಿಡಿದು ಮೆಣಸಿನಕಾಯಿ ತರಲು ಹೋಗುತ್ತಿದ್ದ ಮಂಠಾಳ, ಕೊಹಿನೂರದ ಸಂತೆಗಳೇ ಕ್ಷೇತ್ರಕಾರ್ಯವಾಗಿ ಒದಗಿದವು. ಮನ್ನಾಏಖೇಳ್ಳಿಯ ಸಂತೆಯಲ್ಲಿ ಖಾರದಪುಡಿ ಮಾರುವ ಮುದುಕಿಯೊಬ್ಬಳ ಮುಂದೆ ಕೂತೆ. ಏನು ಬೇಕೆಂದು ಕೇಳಿದಳು. ಏನೂ ಬೇಡ, ಸ್ವಲ್ಪ ಮಾಹಿತಿ ಬೇಕಾಗಿತ್ತು ಎಂದೆ.

“ಅದನ್ನ ನಾವು ಇಡೂದಿಲ್ಲವ್ವಾ. ಮುಂದಿನ ಅಂಗಡ್ಯಾಗ ಕೇಳ್,” ಎಂದಳು.

ಇನ್ನು ಶಾಲೆ. ನಮ್ಮ ಹೆಡ್‌ಮಾಸ್ತರರಿಗೆ ಬಸ್ಸಿನಲ್ಲಿ ವಾಂತಿಯಾಗುತ್ತಿತ್ತು. ಆ ಕಾರಣಕ್ಕೆ ಪ್ರಯಾಣವನ್ನೇ ಅವರು ಒಂದು ನೈತಿಕ ದೋಷವೆಂದು ಪರಿಗಣಿಸಿದ್ದರು. ನಾನು ಸಂಶೋಧನೆಗೆ ಸೇರಿದ್ದೇನೆಂದಾಗ ಅಭಿನಂದಿಸಿ, ಮರುದಿನದಿಂದ ಗೈರುಹಾಜರಾದವರ ತರಗತಿಗಳನ್ನೆಲ್ಲ ನನಗೇ ಹಚ್ಚಿದರು. ಓದುವ ಹಂಬಲ ಇದ್ದವರಿಗೆ ಕಲಿಸುವ ಹಂಬಲವೂ ಹೆಚ್ಚು ಇರುತ್ತದೆ ಎಂಬುದು ಅವರ ತರ್ಕ. ಸಮಾಜ ವಿಜ್ಞಾನದ ಜೊತೆಗೆ ಹೊಲಿಗೆ, ದೈಹಿಕ ಶಿಕ್ಷಣ, ಒಮ್ಮೆ ಉರ್ದು ತರಗತಿಯನ್ನೂ ಕಾಯ್ದೆ. ವಿಶ್ವವಿದ್ಯಾಲಯಕ್ಕೆ ಹೋಗಲು ಒಂದು ದಿನದ ರಜೆ ಕೇಳಿದರೆ ಅವರ ಮುಖ ಬಸ್ಸು ಹತ್ತಿದವರಂತೆ ಆಗುತ್ತಿತ್ತು.

“ಮೇಡಂ, ಎರಡು ದೋಣಿ ಮ್ಯಾಲೆ ಕಾಲ ಇಟ್ಟೀರಿ. ನಡುವ ಬಿದ್ದರ ಶಾಲೆ ಜವಾಬ್ದಾರಿ ಅಲ್ಲ ನೋಡ್ರಿ,” ಎನ್ನುತ್ತಿದ್ದರು.

ನಮ್ಮ ಎರಡೂ ತಾಲೂಕುಗಳಲ್ಲಿ ದೋಣಿ ತೇಲುವಷ್ಟು ನೀರು ನಾನು ಕಂಡಿರಲಿಲ್ಲ. ಆದರೂ ಹೂಂ ಎಂದೆ.

ಆ ವರ್ಷದ ಶೈಕ್ಷಣಿಕ ಪ್ರವಾಸ ಬಂತು. ಹೆಡ್‌ಮಾಸ್ತರರು ಬರುವಂತಿರಲಿಲ್ಲ. ‘ನಿಮಗ ತಿರಗೂದು ಸೇರತೈತಿ’ ಎಂದು ನನ್ನ ಏಕೈಕ ದೋಷವನ್ನೇ ಅರ್ಹತೆಯಾಗಿಸಿ ಮುಂದಾಳತ್ವ ಕೊಟ್ಟರು. ಔರಂಗಾಬಾದ, ಎಲ್ಲೋರಾ ಎಂದು ಗೊತ್ತಾದಾಗ ನಾನು ಹಿಗ್ಗಿದೆ. ಹಿಗ್ಗು ಇಳಿಯಲು ತಡವಾಗಲಿಲ್ಲ. ಆಡಳಿತ ಮಂಡಳಿಯ ಅಧ್ಯಕ್ಷರು, ತಮ್ಮ ತಾಯಿಯೂ ಬರುತ್ತಾರೆ, ಮುಂದಿನ ಸೀಟು ಅವರಿಗೆ, ಅವರ ಹೊಣೆ ನನಗೆ ಎಂದು ಹೇಳಿ ಕಳಿಸಿದರು.

ಅವರನ್ನು ಎಲ್ಲರೂ ಆಯಿ ಎನ್ನುತ್ತಿದ್ದರು. ಹುಮನಾಬಾದದಲ್ಲಿ ಅರ್ಧ ಬಜಾರು ಅವರ ಮನೆಯದು. ಬೆಳಗಿನ ಜಾವ ಬಸ್ಸು ಹತ್ತಿದವರೇ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು. ಕಾಲಡಿಗೆ ಸಜ್ಜೆ ರೊಟ್ಟಿಯ ಗಂಟು, ಶೇಂಗಾ ಹಿಂಡಿಯ ಡಬ್ಬಿ. ದಾರಿಯುದ್ದಕ್ಕೂ ಅವರು ದೇವರ ಹೆಸರು ಹೇಳಲಿಲ್ಲ, ಸೊಸೆಯ ದೂರು ಹೇಳಲಿಲ್ಲ. ಬೋರ್ಡುಗಳನ್ನು ಓದಿಸಿದರು. ಈ ಊರಿನಿಂದ ಎಡಕ್ಕೆ ಹೋದರೆ ಯಾವ ಊರು, ಅದರ ಮುಂದೆ ಏನು, ಅದರಾಚೆ ಏನು. ನಾನು ಭೂಪಟದಲ್ಲಿ ಕಲಿತಿದ್ದೆಲ್ಲ ಮಧ್ಯಾಹ್ನದೊಳಗೆ ಖಾಲಿಯಾಯಿತು. ಮದುವೆಯಾಗಿ ಬಂದ ಮೇಲೆ ಅವರು ಕಂಡ ಅತಿ ದೂರದ ಊರು ತುಳಜಾಪುರ. ಅದೂ ಮುಚ್ಚಿದ ಜೀಪಿನಲ್ಲಿ, ಹಸುಗೂಸು ತೊಡೆಯ ಮೇಲೆ. ಆ ಹಸುಗೂಸೇ ಈಗಿನ ಅಧ್ಯಕ್ಷರು.

ಎಲ್ಲೋರಾದಲ್ಲಿ ಬೆಟ್ಟವನ್ನೇ ಕಡಿದು ಮಾಡಿದ ಆ ದೊಡ್ಡ ಗುಡಿಯ ಅಂಗಳದಲ್ಲಿ ನಾನು ಮಕ್ಕಳಿಗೆ ಪಾಠ ಶುರು ಮಾಡಿದೆ. ಮಕ್ಕಳು ಮಂಗಗಳನ್ನು ನೋಡುತ್ತಿದ್ದವು, ಮಂಗಗಳು ನಮ್ಮ ರೊಟ್ಟಿಯ ಗಂಟನ್ನು ನೋಡುತ್ತಿದ್ದವು. ಪಾಠ ಕೇಳಿದವರು ಆಯಿ ಒಬ್ಬರೇ. ಕೇಳಿ ಮುಗಿಸಿ ಅವರು ಕಲ್ಲಿನ ಆನೆಯ ಪಕ್ಕದಲ್ಲಿ ಸೆರಗು ಹಾಸಿ ಕೂತರು. ಮುಂದಿನ ಕಾರ್ಯಕ್ರಮ ಅಧ್ಯಕ್ಷರ ಪರಿಚಯದವರ ಸೀರೆ ಅಂಗಡಿ. ಶೈಕ್ಷಣಿಕ ಮಹತ್ವದ್ದೆಂದು ಅವರೇ ಸೇರಿಸಿದ್ದರು. ಹೊರಡೋಣ ಎಂದೆ.

“ನಾ ಬರೂದಿಲ್ಲ ಟೀಚರಬಾಯಿ. ಸೀರಿ ಹುಮನಾಬಾದದಾಗೂ ಸಿಗತಾವ. ನೀವೆಲ್ಲ ಹೋಗಿಬರ್ರಿ, ನಾ ಇಲ್ಲೇ ಕುಂದರತೀನಿ.”

ಬೇಡಿಕೊಂಡೆ. ಕಲ್ಲಿನ ಆನೆ ಅಲುಗಿದ್ದರೂ ಅವರು ಅಲುಗುತ್ತಿರಲಿಲ್ಲ. ಬಿಟ್ಟು ಹೋದರೆ ಕೆಲಸ ಹೋಗುತ್ತದೆ, ಬಿಡದಿದ್ದರೆ ಸೀರೆ ಅಂಗಡಿ ಹೋಗುತ್ತದೆ. ಮಕ್ಕಳನ್ನು ಗಣಿತದ ಸರ್ ಮತ್ತು ಹಿಂದಿ ಟೀಚರ್ ಜೊತೆ ಕಳಿಸಿ ನಾನು ಉಳಿದೆ. ಬಸ್ಸಿನ ಸದ್ದು ದೂರವಾದ ಮೇಲೆ ಅಂಗಳ ಮೆಲ್ಲಗೆ ತಣ್ಣಗಾಯಿತು. ಗೋಡೆಯ ನೆರಳು ನಮ್ಮ ಪಾದದ ಮೇಲೆ ಹರಿದು ಆಚೆ ಹೋಯಿತು. ಯಾರನ್ನೂ ಎಣಿಸದೆ, ಯಾವುದಕ್ಕೂ ಗಂಟೆ ಬಾರಿಸದೆ, ಒಂದು ಜಾಗದಲ್ಲಿ ಆ ಜಾಗಕ್ಕಾಗಿಯೇ ನಾನು ಕೂತಿದ್ದು ಅದೇ ಮೊದಲು. ಕಾವಲುಗಾರ ಸೀಟಿ ಊದಿ ಎಬ್ಬಿಸುವವರೆಗೂ ಕೂತಿದ್ದೆವು. ಅಷ್ಟು ಸುಖವಾದ ಕರ್ತವ್ಯಲೋಪವನ್ನು ನಾನು ಮತ್ತೆ ಮಾಡಿಲ್ಲ.

ಮರಳಿ ಬಂದಾಗ ಹೆಡ್‌ಮಾಸ್ತರರು ಕಾದಿದ್ದರು. ಸೀರೆ ಅಂಗಡಿಯಿಂದ ದೂರು ಅಧ್ಯಕ್ಷರಿಗೆ, ಅಲ್ಲಿಂದ ಶಾಲೆಗೆ ನಮ್ಮ ಬಸ್ಸಿಗಿಂತ ಮೊದಲೇ ತಲುಪಿತ್ತು. ಮಕ್ಕಳನ್ನು ನಡುದಾರಿಯಲ್ಲಿ ಕೈಬಿಟ್ಟ ಶಿಕ್ಷಕಿ ಎಂದು ನನ್ನ ಬಗ್ಗೆ ವಿಚಾರಣೆ ಕರೆದರು. ನಾನು ವಿವರಣೆ ಸಿದ್ಧ ಮಾಡಿಕೊಂಡು ಹೋದರೆ ಹೆಡ್‌ಮಾಸ್ತರರ ಎದುರಿನ ಕುರ್ಚಿಯಲ್ಲಿ ಆಯಿ ಕೂತಿದ್ದರು. ಹೆಡ್‌ಮಾಸ್ತರರು ತಮ್ಮದೇ ಕೋಣೆಯಲ್ಲಿ ಎದ್ದು ನಿಂತಿದ್ದರು.

“ಆಕಿನ್ನ ನಾ ಹಿಡದ ಕುಂದರಿಸಿದ್ದೆ. ವಿಚಾರಣಿ ಮಾಡೂದಿದ್ರ ನಂದು ಮಾಡ್ರಿ,” ಎಂದರು ಆಯಿ. ಹೆಡ್‌ಮಾಸ್ತರರು ವಿಚಾರಣೆಯ ಕಾಗದ ಮಡಚಿಟ್ಟರು. ಆಯಿ ಮುಂದುವರಿದರು. “ಮುಂದಿನ ತಿಂಗಳ ನಾ ಪಂಢರಪುರಕ್ಕ ಹೋಗಬೇಕು. ಟೀಚರಬಾಯಿಗಿ ರಜಾ ಕೊಡ್ರಿ. ನನಗ ಓದಿದವರು ಜೋಡಿ ಬೇಕು.”

ನನ್ನ ಸಂಶೋಧನೆಗೆ ಒಂದು ದಿನ ಸಿಗದಿದ್ದ ರಜೆ ವಿಠ್ಠಲನಿಗೆ ಒಂದು ವಾರ ಸಿಕ್ಕಿತು. ಹೆಡ್‌ಮಾಸ್ತರರು ಅರ್ಜಿಯನ್ನೂ ತಾವೇ ಬರೆದುಕೊಟ್ಟರು, ಸಹಿ ಮಾತ್ರ ನನ್ನದು.

ಅಲ್ಲಿಂದ ಮುಂದೆ ನಮ್ಮ ಭಕ್ತಿ ಮಿತಿ ಮೀರಿತು. ಆಯಿಗೆ ಯಾವ ಊರು ನೋಡಬೇಕೆನಿಸಿದರೂ ಅಲ್ಲಿ ಒಂದು ದೇವರನ್ನು ಹುಡುಕಿಕೊಡುವುದು ನನ್ನ ಕೆಲಸ. ಇತಿಹಾಸದ ವಿದ್ಯಾರ್ಥಿಗೆ ಅದು ಕಷ್ಟವೇ ಅಲ್ಲ. ಅಧ್ಯಕ್ಷರ ಮನೆಯಲ್ಲಿ, ತಾಯಿಗೆ ವಯಸ್ಸಾದ ಮೇಲೆ ವೈರಾಗ್ಯ ಬಂದಿದೆ ಎಂದು ತಿಳಿದರು. ನಾನು ದೊಡ್ಡವರ ಸೇವೆ ಮಾಡುತ್ತಿದ್ದೇನೆಂದು ಹೆಡ್‌ಮಾಸ್ತರರು ನಂಬಿದರೆ, ಕ್ಷೇತ್ರಕಾರ್ಯದಲ್ಲಿದ್ದೇನೆಂದು ಮಾರ್ಗದರ್ಶಕರು ನಂಬಿದರು. ಇಷ್ಟು ಪುಣ್ಯ ಬಂದರೆ ಗಂಡು ಸಿಕ್ಕೇ ಸಿಗುತ್ತದೆ ಎಂಬುದು ಅವ್ವನ ಎಣಿಕೆ. ಎಲ್ಲರಿಗೂ ಅವರವರಿಗೆ ಬೇಕಾದ ನಂಬಿಕೆ ದೊರೆತದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ಪ್ರಬಂಧ ಬೆಳೆದದ್ದು ಬಸ್ಸುಗಳಲ್ಲೇ. ಬರೆದದ್ದನ್ನು ಓದಿ ಹೇಳೆಂದು ಆಯಿ ಹಟ ಮಾಡುತ್ತಿದ್ದರು. ಜಗಳ, ಎತ್ತಿನ ವ್ಯಾಪಾರ, ಕಳ್ಳತನ ಇದ್ದಲ್ಲಿ ಕಣ್ಣರಳಿಸಿ ಕೇಳುತ್ತಿದ್ದರು. ‘ಆರ್ಥಿಕ ಸಂರಚನೆ’ ಎಂಬ ಪದ ಬಂದೊಡನೆ ನಿದ್ದೆ. ಅವರು ನಿದ್ದೆಹೋದ ಜಾಗಗಳಿಗೆಲ್ಲ ನಾನು ಪೆನ್ಸಿಲಿನಿಂದ ಗೀರು ಎಳೆದು, ಕತ್ತರಿಸಿ, ಚೊಕ್ಕ ಮಾಡಿ ಮಾರ್ಗದರ್ಶಕರಿಗೆ ಒಪ್ಪಿಸಿದೆ. ಅವರು ಓದಿ ಬೇಸರಪಟ್ಟುಕೊಂಡರು. ಇದು ಓದಿಸಿಕೊಂಡು ಹೋಗುತ್ತದೆ, ಸಂಶೋಧನೆಯ ಗಾಂಭೀರ್ಯ ಇಲ್ಲ ಎಂದರು. ನಿದ್ದೆಯ ಭಾಗಗಳನ್ನೆಲ್ಲ ಹುಡುಕಿ ಮತ್ತೆ ಸೇರಿಸಿದೆ. ಒಪ್ಪಿಗೆಯಾಯಿತು.

ಸುಖದ ನಡುವೆ ಪೆಟ್ಟುಗಳೂ ಇದ್ದವು. ಒಂದು ವರ್ಷ ಹತ್ತನೆಯ ತರಗತಿಯ ಫಲಿತಾಂಶ ಕುಸಿದಾಗ, ಯಾರ ವಿಷಯದಲ್ಲಿ ಎಷ್ಟು ಮಕ್ಕಳು ಬಿದ್ದರೆಂದು ನೋಡುವ ಮೊದಲೇ ಸಿಬ್ಬಂದಿಯ ಕೋಣೆ ನನ್ನ ಕಡೆ ತಿರುಗಿ ನೋಡಿತು. ಬಿದ್ದದ್ದು ಗಣಿತದಲ್ಲಿ. ಆದರೂ ಊರು ತಿರುಗುವ ಟೀಚರ್ ಇದ್ದ ಶಾಲೆಯಲ್ಲಿ ಗಣಿತ ತಾನೇ ಹೇಗೆ ನಿಂತೀತು? ಆ ಬೇಸಿಗೆಯಿಡೀ ಬಿದ್ದ ಮಕ್ಕಳನ್ನು ಶಾಲೆಗೆ ಕರೆಸಿ, ನನಗೂ ಸರಿಯಾಗಿ ಬಾರದ ಬೀಜಗಣಿತವನ್ನು ಅವರ ಜೊತೆ ಕೂತು ಕಲಿತೆ. ಬಹುಪಾಲು ಮಕ್ಕಳು ಪಾಸಾದರು. ಅದಕ್ಕೆ ಗಣಿತದ ಸರ್‌ಗೆ ಶಾಲು ಹೊದಿಸಿದರು. ನಾನು ಚಪ್ಪಾಳೆ ತಟ್ಟಿದೆ. ಮನೆಗೆ ಹೋಗುವ ಬಸ್ಸಿನಲ್ಲಿ ಮಾತ್ರ ಕಿಟಕಿ ಕಡೆ ಮುಖ ಮಾಡಿ ಸ್ವಲ್ಪ ಅತ್ತೆ. ಧೂಳು ಬಿತ್ತೇನ್ರಿ ಎಂದು ಕಂಡಕ್ಟರ್ ಕೇಳಿದರು. ಹೌದ್ರಿ ಎಂದೆ.

ಹೊಸ ಶತಮಾನ ಬಂದು ಕೆಲವು ವರ್ಷಗಳಾದ ಮೇಲೆ ಮೌಖಿಕ ಪರೀಕ್ಷೆ ಆಯಿತು. ಹೊರಗಿನಿಂದ ಬಂದ ಪರೀಕ್ಷಕರು ಕೇಳಿದ್ದು ಒಂದೇ ಮುಖ್ಯ ಪ್ರಶ್ನೆ: ನಿಮ್ಮ ಊರಿಗೆ ಹೋಗಲು ನೇರ ಬಸ್ಸು ಇದೆಯೇ, ಕೋಟೆ ನೋಡಬೇಕಿತ್ತು. ಅದಕ್ಕೆ ನಾನು ಸವಿವರವಾಗಿ ಉತ್ತರಿಸಿದ್ದರಿಂದ ಡಾಕ್ಟರೇಟ್ ಬಂತು.

ಪದವಿಯ ಫಲವೂ ಬೇಗನೆ ದೊರೆಯಿತು. ಬಸವಕಲ್ಯಾಣದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಕಾಲೇಜು ನಮ್ಮ ಓಣಿಯ ಹಿಂದೆಯೇ. ಒಲೆಯ ಮೇಲೆ ಚಹಾ ಇಟ್ಟು ಹೋಗಿ ಹಾಜರಿ ಹಾಕಿ ಬರುವಷ್ಟು ಹತ್ತಿರ. ತಿರುಗಬೇಕೆಂದು ಓದಿದೆ, ಓದಿದ್ದಕ್ಕೆ ದಿನದ ಆ ಒಂದು ಬಸ್ಸೂ ತಪ್ಪಿತು. ಹೆಡ್‌ಮಾಸ್ತರರು ಬೀಳ್ಕೊಡುಗೆಯಲ್ಲಿ, ಇಂಥ ಪ್ರತಿಭೆಯನ್ನು ತಾವು ಮೊದಲ ದಿನವೇ ಗುರುತಿಸಿದ್ದಾಗಿ ಹೇಳಿದರು.

ಆ ಡಿಸೆಂಬರಿನಲ್ಲಿ ಆಯಿ ಹೇಳಿ ಕಳಿಸಿದರು. ಮೊಣಕಾಲು ಹಿಡಿದುಕೊಂಡಿತ್ತು. ಇನ್ನೊಂದೇ ದೇವರು ಉಳಿದಿದ್ದಾನೆ, ಗೋಕರ್ಣದವನು ಎಂದು ಮಗನಿಗೆ ಹೇಳಿದ್ದರಂತೆ. ಎರಡು ಬಸ್ಸು ಬದಲಿಸಿ, ದಾರಿಯಲ್ಲಿ ಒಂದು ಲಾಡ್ಜಿನಲ್ಲಿ ತಂಗಿ ಹೋದೆವು. ಬಸ್ಸಿಳಿದ ಆಯಿ ಗುಡಿಯ ದಾರಿ ಕೇಳಲಿಲ್ಲ. ನನ್ನ ತೋಳು ಹಿಡಿದು ನೇರ ಮರಳಿನ ಕಡೆ ನಡೆದರು. ಅಲೆ ಬಂದು ಸೀರೆಯ ಅಂಚು ಎಳೆದಾಗ ಒಂದು ಹೆಜ್ಜೆ ಹಿಂದೆ ಸರಿದು ಎರಡು ಹೆಜ್ಜೆ ಮುಂದೆ ಹೋದರು. ನಾನೂ ಸಮುದ್ರ ನೋಡಿದ್ದು ಅವತ್ತೇ. ಮಕ್ಕಳಿಗೆ ಅದರ ಬಗ್ಗೆ ಎಷ್ಟೋ ವರ್ಷ ಪಾಠ ಮಾಡಿದ್ದೆ, ಸದ್ದಿನ ವಿಷಯ ಒಮ್ಮೆಯೂ ಹೇಳಿರಲಿಲ್ಲ.

“ಇಷ್ಟ ನೋಡಾಕ ಎಷ್ಟ ಸುಳ್ಳ ಹೇಳಬೇಕಾತು ನೋಡವಾ,” ಎಂದರು ಆಯಿ. ಮೊದಲ ಬಾರಿಗೆ ಟೀಚರಬಾಯಿ ಎನ್ನಲಿಲ್ಲ.

ಹೊತ್ತು ಇಳಿಯುವವರೆಗೂ ಅವರು ನೀರಿನಿಂದ ಈಚೆ ಬರಲಿಲ್ಲ. ಗುಡಿ ಮುಚ್ಚಿಬಿಟ್ಟರೆ ಎಂದು ನಾನು ನೆನಪಿಸಿದೆ. ಮನೆಯಲ್ಲಿ ದೇವರ ದರ್ಶನ ಹೇಗಾಯಿತೆಂದು ಕೇಳುತ್ತಾರಲ್ಲ, ಏನು ಹೇಳುವುದು?

“ಭಾಳ ಗದ್ದಲಿತ್ತು ಅನ್ನೂಣು,” ಎಂದು ಅವರು ಸೀರೆಯ ನೆರಿಗೆ ಎತ್ತಿ ಹಿಡಿದು ಇನ್ನೊಂದು ಅಲೆಯ ಕಡೆ ನಡೆದರು.