ರೇಣವ್ವ ಅಳಿಸಗೊಡದ ಹಲ್ಲಿ

ಮೊಬೈಲಿನಲ್ಲಿ ಹುಡುಕಿಕೊಡುವ ಯಂತ್ರಕ್ಕೆ ಸುಳ್ಳು ಯಾವುದು, ಖರೇ ಯಾವುದು ಎಂದು ಗೊತ್ತಿಲ್ಲ. ಹೆಚ್ಚು ಮಂದಿ ಯಾವುದನ್ನು ಒತ್ತಿದರೋ ಅದನ್ನು ಎಲ್ಲಕ್ಕಿಂತ ಮೇಲೆ ತಂದಿಡುತ್ತದೆ, ಅಷ್ಟೇ. ಇದು ನಿಮಗೆ ಗೊತ್ತಿಲ್ಲದ ಸಂಗತಿಯೇನಲ್ಲ. ಗೊತ್ತಿದ್ದೂ ಒತ್ತಿದಿರಿ. ಖಾನಾಪುರದ ರೇಣವ್ವನ ಖಾನಾವಳಿ ಹಾಳಾದದ್ದು ಹೀಗೆ.

ರೇಣವ್ವ ಪಾರಿಶ್ವಾಡದವಳು, ಕುರಿ ಕಾಯುವವರ ಮನೆಯ ಮಗಳು. ಖಾನಾಪುರಕ್ಕೆ ಸೊಸೆಯಾಗಿ ಬಂದಳು. ಗಂಡ ತೀರಿಕೊಂಡ ಮೇಲೆ ಬುಟ್ಟಿಯಲ್ಲಿ ಜೋಳದ ರೊಟ್ಟಿ ಹೊತ್ತು ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಕೂತಳು. ಬುಟ್ಟಿ ಹೋಗಿ ತಗಡಿನ ಶೆಡ್ಡಾಯಿತು, ಶೆಡ್ಡು ಹೋಗಿ ಗೋಡೆ, ಫ್ಯಾನು, ಟಿ.ವಿ. ಇರುವ ಖಾನಾವಳಿಯಾಯಿತು. ಗೋವಾ ರಸ್ತೆಯ ಲಾರಿಯವರು, ತಹಶೀಲ್ದಾರ ಕಚೇರಿಗೆ ಅಲೆಯುವ ಹಳ್ಳಿಯವರು, ಬಸ್ಸಿನ ಡ್ರೈವರು ಕಂಡಕ್ಟರುಗಳು ಅವಳ ಎಣ್ಣಿಗಾಯಿಗೂ ಝುಣಕಕ್ಕೂ ಕಾದು ನಿಲ್ಲುತ್ತಿದ್ದರು. ಕೈ ಎಷ್ಟು ರುಚಿಯೋ ಬಾಯಿ ಅಷ್ಟೇ ಖಾರ. ಒಮ್ಮೆ ಯಾರೋ ಕಂಡಕ್ಟರು ‘ರೊಟ್ಟಿ ನಿನ್ನೀದೇನು?’ ಎಂದು ಕೇಳಿದ್ದಕ್ಕೆ, ಆ ಮನುಷ್ಯ ನಿವೃತ್ತನಾಗುವ ತನಕ ಅವನ ತಾಟಿಗೆ ಬುಟ್ಟಿಯ ತಳದ ರೊಟ್ಟಿಯನ್ನೇ ಹಾಕಿದಳು. ಮರೆಯುವುದು ರೇಣವ್ವನ ಜಾಯಮಾನದಲ್ಲೇ ಇರಲಿಲ್ಲ.

ಅಂಥವಳ ಎದುರಿಗೆ ಒಂದು ಮಧ್ಯಾಹ್ನ ರೋಹನ ಬಂದು ನಿಂತ. ಕೈಯಲ್ಲೊಂದು ಮೈಕು, ಮೊಬೈಲಿನಲ್ಲೊಂದು ಸುದ್ದಿ ಚಾನೆಲ್ಲು. ಊರಿನಲ್ಲಿ ಅವನಿಗೆ ಹೆದರದ ಅಂಗಡಿಯವರಿರಲಿಲ್ಲ.

“ಮಾವಶಿ, ಐತವಾರ ನಮ್ಮ ಚಾನೆಲ್ಲಿನ ವಾರ್ಷಿಕೋತ್ಸವ. ನಮ್ಮ ಹುಡುಗೂರೆಲ್ಲ ಇಲ್ಲೇ ಉಣ್ತಾರ. ನಿನ್ನ ಕಡಿಂದ ಆಗ್ಲಿ.”

“ನನ್ನ ಕಡಿಂದ ಯಾಕಪಾ? ವಾರ್ಷಿಕೋತ್ಸವ ನಂದೇನು?”

“ನಿನ್ನ ಹೆಸರು ಹೇಳ್ತೀವಲ್ಲ ಚಾನೆಲ್ಲಿನ್ಯಾಗ.”

“ನನ್ನ ಹೆಸರು ಹೇಳಾಕ ಉಂಡವ್ರು ಅದಾರ. ನೀ ಉಂಡು ರೊಕ್ಕ ಇಟ್ಟು ಹೋಗು, ಸಾಕು.”

ಸುತ್ತ ಕೂತವರು ನಕ್ಕರು. ರೋಹನನ ಮುಖ ಕೆಂಪಾಯಿತು. “ಹಂಗಾರ ನೋಡ್ತಿರು. ನಾಳಿ ನಿನ್ನ ಅಡಗಿ ಮನ್ಯಾಗ ಏನ್ ಸಿಗತೈತಿ ನೋಡ್ತಿರು,” ಎಂದು ಬೆರಳು ತೋರಿಸಿ ಹೋದ. ಹಿಂದಿನ ಬೆಂಚಿನಲ್ಲಿ ಉಣ್ಣುತ್ತಿದ್ದ ಬಸ್ ಡ್ರೈವರ್ ಲಕ್ಷ್ಮಣ ಜಗಳ ಶುರುವಾದ ಕೂಡಲೇ ಮೊಬೈಲು ಎತ್ತಿ ಹಿಡಿದಿದ್ದ. ಬೆದರಿಕೆ ಪೂರ್ತಿಯಾಗಿ ಅದರಲ್ಲಿ ಬಿತ್ತು.

ಮರುದಿನ ಊರೆಲ್ಲ ಹಲ್ಲಿ ನೋಡಿತು. ಪಲ್ಯದಲ್ಲಿ ಬಿದ್ದ ಸತ್ತ ಹಲ್ಲಿ, ಅದರ ಮೇಲೆ ಕೆಂಪು ಸುತ್ತು, ಹಿಂದೆ ರೇಣವ್ವನ ಖಾನಾವಳಿಯ ಬೋರ್ಡು, ಮುಂದೆ ಮೈಕು ಹಿಡಿದು ಕೂಗುವ ರೋಹನ: “ಇದು ಊಟವೋ, ವಿಷವೋ?” ಹಲ್ಲಿ ಬಿದ್ದದ್ದು ಪ್ಲಾಸ್ಟಿಕ್ ತಾಟಿನಲ್ಲಿ. ರೇಣವ್ವನ ಖಾನಾವಳಿಯಲ್ಲಿ ಇರುವುದೆಲ್ಲ ಸ್ಟೀಲಿನ ತಾಟು. ಅಲ್ಲಿ ನಿತ್ಯ ಉಂಡವರಿಗೂ ಅದು ಕಾಣಲಿಲ್ಲ. ಹಲ್ಲಿ ಕಂಡ ಮೇಲೆ ತಾಟು ಯಾರು ನೋಡುತ್ತಾರೆ?

ಅವಳ ತಮ್ಮ ಗುರುಸಿದ್ದ ಖಾನಾಪುರದ ಶಾಲೆಯೊಂದರಲ್ಲಿ ಸಿಪಾಯಿ. ಅಕ್ಕನೆಂದರೆ ಜೀವ. ಸಂಜೆಯೊಳಗೆ ಎದೆ ಉಬ್ಬಿಸಿಕೊಂಡು ಬಂದ.

“ಅಕ್ಕಾ, ನೀ ಹೆದರಬ್ಯಾಡ. ನಮ್ಮ ಬೀಗರು ಬಿಜ್ಜರು ಎಲ್ಲಾರ ಗ್ರೂಪಿಗೂ ಹಾಕೇನಿ. ಒಬ್ಬೊಬ್ಬರೂ ವಿಡಿಯೊ ತೆರದು, ಪೂರಾ ನೋಡಿ, ಕೆಳಗ ಛೀಮಾರಿ ಹಾಕ್ರಿ ಅಂದೇನಿ.”

ಬಳಗ ಮಾತು ಉಳಿಸಿಕೊಂಡಿತು. ಪಾರಿಶ್ವಾಡದಿಂದ ಬೈಲಹೊಂಗಲದ ತನಕ ಇದ್ದ ಅಕ್ಕತಂಗಿಯರು, ಅಳಿಯಂದಿರು, ದೂರದ ಮಾವಂದಿರು ಎಲ್ಲರೂ ವಿಡಿಯೊ ತೆರೆದರು. ಬೈಗುಳ ಸರಿಯಾಗಿ ನಾಟಲೆಂದು ಎರಡೆರಡು ಸಲ ನೋಡಿದರು. ಬೈದದ್ದು ಸಾಲದೆನಿಸಿ, ‘ನೋಡ್ರಿ ಈ ಭಾಡ್ಯಾ ಏನ್ ಮಾಡ್ಯಾನ’ ಎಂದು ತಮ್ಮ ತಮ್ಮ ಊರಿನವರಿಗೂ ಕಳಿಸಿದರು. ಯಂತ್ರಕ್ಕೆ ಛೀ ಅಂದದ್ದೂ ಒಂದು ಒತ್ತು, ಭಲೇ ಅಂದದ್ದೂ ಒಂದು ಒತ್ತು. ನಾಲ್ಕು ಮಂದಿ ನೋಡಿ ಮರೆಯಬೇಕಿದ್ದ ಹಲ್ಲಿ ಅಕ್ಕನ ಮೇಲಿನ ಪ್ರೀತಿಯಿಂದಲೇ ಬೆಳೆದು ಮೊಸಳೆಯಾಯಿತು. ಗೋವಾ ಕಡೆ ಹೊರಟವರು ಎಲ್ಲಿ ಉಣ್ಣೋಣ ಎಂದು ‘ಖಾನಾಪುರ ಖಾನಾವಳಿ’ ಅಂತ ಹೊಡೆದರೆ ಸಾಕು, ಅವರು ಕೇಳದಿದ್ದರೂ ಯಂತ್ರ ತಾನೇ ಮುಂದೆ ‘ಹಲ್ಲಿ’ ಎಂದು ಸೇರಿಸಿಕೊಡತೊಡಗಿತು.

ಗಾಡಿಗಳು ನಿಲ್ಲುವುದು ಬಿಟ್ಟವು. ನಿಂತವರು ಚಹಾ ಮಾತ್ರ ಕುಡಿದರು. ಪೋರರು ಬಾಗಿಲಲ್ಲಿ ಇಣುಕಿ, “ಮಾವಶಿ, ಇವತ್ತ ಹಲ್ಲಿ ಪಲ್ಯ ಐತೇನ?” ಎಂದು ಕನ್ನಡದಲ್ಲೂ, “ಮಾವಶೀ, ಆಜ್ ಪಾಲ್ ಆಹೆ ಕಾ?” ಎಂದು ಮರಾಠಿಯಲ್ಲೂ ಕೂಗಿ ಓಡಿದರು. ಬೋರ್ಡಿನ ಮೇಲಿನ ಅಕ್ಷರಕ್ಕೆ ಬಡಿದಾಡುವ ಎರಡು ಭಾಷೆಯ ಮಂದಿ ರೇಣವ್ವನನ್ನು ಹಂಗಿಸುವುದರಲ್ಲಿ ಮಾತ್ರ ಒಂದಾದರು. ರೊಟ್ಟಿ ಬಡಿಯುವ ಹೆಂಗಸರನ್ನು ಒಬ್ಬೊಬ್ಬರಾಗಿ ಕಳಿಸಬೇಕಾಯಿತು. ಕೊನೆಗೆ ಒಲೆಯ ಮುಂದೆ ಉಳಿದವಳು ಅವಳೊಬ್ಬಳೇ. ಬುಟ್ಟಿ ಹೊತ್ತ ದಿನ ಹೇಗೆ ಒಬ್ಬಳಿದ್ದಳೋ ಹಾಗೆ.

ಲಕ್ಷ್ಮಣ ತನ್ನ ಮೊಬೈಲಿನಲ್ಲಿದ್ದ ಬೆದರಿಕೆಯನ್ನು ಹಾಕಿದ. ಕೆಲವರು ನೋಡಿ ‘ಅರೇ, ಹಿಂಗೈತಿ ಏನ ಇದು’ ಎನ್ನುವಷ್ಟರಲ್ಲಿ ಅದು ಮಾಯವಾಯಿತು. ಮತ್ತೆ ಹಾಕಿದ. ವಿಡಿಯೊ ತೋರಿಸುವ ಕಂಪನಿಯವರು ಅವನ ಖಾತೆಯನ್ನೇ ಮುಚ್ಚಿದರು.

ರೇಣವ್ವ ಬೆಳಗಾವಿಯ ಬಸ್ಸು ಹತ್ತಿದಳು. ಅಲ್ಲಿನ ಶಹಾಪುರ ಬಡಾವಣೆಯ ಓಣಿಯೊಂದರಲ್ಲಿ, ಅಕ್ಕಪಕ್ಕದ ಮನೆಗಳ ಮಗ್ಗದ ಸದ್ದಿನ ನಡುವೆ, ವಕೀಲೆ ಪದ್ಮಶ್ರೀಯ ಕಚೇರಿ. ಹಲ್ಲಿಯ ವಿಡಿಯೊ ತೆಗೆದುಹಾಕಿರೆಂದು ಪದ್ಮಶ್ರೀ ರೇಣವ್ವನ ಪರವಾಗಿ ಮೊದಲೇ ಆ ದೊಡ್ಡ ಕಂಪನಿಗೆ ಬರೆದಿದ್ದಳು, ಕೋರ್ಟಿನಲ್ಲಿ ಮಾನನಷ್ಟದ ದಾವೆಯನ್ನೂ ಹೂಡಿದ್ದಳು. ದಾವೆಗೆ ತಾರೀಖಿನ ಮೇಲೆ ತಾರೀಖು ಬೀಳುತ್ತಿತ್ತು. ಕಂಪನಿಯಿಂದ ಮಾತ್ರ ಉತ್ತರ ಬಂದಿತ್ತು.

“ತೆಗಿಯಂಗಿಲ್ಲ ಅಂತಾರ್ರಿ ರೇಣವ್ವಾರ. ಅದು ಸುದ್ದಿ ಅಂತ. ಸುದ್ದಿ ಹೇಳೂದು ಅವನ ಹಕ್ಕಂತ.”

“ಸುಳ್ಳ ಸುದ್ದಿ ಹೇಳೂದೂ?”

“ಸುಳ್ಳೋ ಖರೇನೋ ಅಂತ ನೋಡೂದು ತಮ್ಮ ಕೆಲಸ ಅಲ್ಲಂತ್ರಿ.”

“ಮತ್ತ ಲಕ್ಷ್ಮಣಂದು ಯಾಕ ತೆಗದ್ರು?”

“ಅದು ರೋಹನನ ಖಾಸಗಿ ಮಾತಂತ. ಅವನ್ನ ಕೇಳದ ವಿಡಿಯೊ ಮಾಡ್ಯಾರ ಅಂತ ಅವನು ದೂರು ಕೊಟ್ಟಾನ್ರಿ.”

ರೇಣವ್ವ ಅಂದಳು: “ಅಂದ್ರ ನನ್ನ ಅಡಗಿ ಮನಿ ಊರ ಮಂದೀದು. ಅವನ ಬಾಯಿ ಮಾತ್ರ ಅವನ ಖಾಸಗಿ.”

ಪದ್ಮಶ್ರೀ ಕಂಪನಿಯ ಪತ್ರ ಮಡಚಿ ಫೈಲಿಗೆ ಸೇರಿಸಿದಳು. ರೇಣವ್ವ ಬಿಡಲಿಲ್ಲ:

“ಒಂದ ಕೆಲಸ ಮಾಡ್ರಿ. ಕೆಟ್ಟದ್ದೆಲ್ಲಾ ಅಳಿಸಿ ಒಗೀರಿ ಅಂತ ಸರಕಾರಕ್ಕ ಬರೀರಿ. ಒಂದೂ ಉಳಿಬಾರ್ದು.”

“ಯಾವುದು ಕೆಟ್ಟದ್ದು ಅಂತ ಯಾರು ಹೇಳಬೇಕ್ರಿ? ಹೆಣ್ಣಮಕ್ಕಳ ಮಾನ ಕಳಿಯೂ ಚಿತ್ರ ಹಾಕ್ತಾರಲ್ಲ, ಅದನ್ನ ಗಳಿಗಿ ತಡಾ ಮಾಡದ ಅಳಸಬೇಕು, ಹಾಕಿದವನ್ನ ಒಳಗ ಹಾಕಬೇಕು. ಅದರಾಗ ಎರಡ ಮಾತಿಲ್ಲ. ಆದ್ರ ಎಲ್ಲಾದಕ್ಕೂ ರಬ್ಬರ್ ಕೊಟ್ರ, ಅದು ನಿಮ್ಮ ಕೈಯಾಗ ಇರತೈತೇನ್ರಿ? ಲಕ್ಷ್ಮಣಂದು ಅಳಿಸಿದ್ದು ಯಾರ ರಬ್ಬರ್?”

ಆ ದಿನ ರೇಣವ್ವನಿಗೆ ಆ ಮಾತು ಹಿಡಿಸಲಿಲ್ಲ. ವಕೀಲರಿಗೆ ಮಾತಾಡಲು ಬರುತ್ತದೆ, ಒಲೆ ಆರುವುದು ತನ್ನದು ಎಂದುಕೊಂಡು ವಾಪಸು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಹಂಬಲ: ಹೆಂಗಾರ ಮಾಡಿ ಅದು ಅಳಿಸಿ ಹೋಗಲಿ. ಮೂರು ವರ್ಷ ಅದೇ ಹಂಬಲ ನುಂಗಿಕೊಂಡು, ಬಂದ ನಾಲ್ಕು ಮಂದಿಗೆ ಬಡಿಸುತ್ತ ಉಳಿದಳು.

ಈ ವರ್ಷ ಪಟ್ಟಣ ಪಂಚಾಯಿತಿ ಚುನಾವಣೆಯ ಗಾಳಿ ಎದ್ದಿತು. ಬಸ್ ಸ್ಟ್ಯಾಂಡಿನ ವಾರ್ಡಿಗೆ ರೋಹನ ನಿಲ್ಲುತ್ತಾನಂತೆ ಎಂಬ ಸುದ್ದಿ ಹಬ್ಬಿತು. ಪಕ್ಷದ ಟಿಕೆಟ್ ಕೊಡುವವರು ಮೊಬೈಲಿನಲ್ಲಿ ಅವನ ಹೆಸರು ಹೊಡೆದು ನೋಡಿದ್ದರು. ಓಟು ಹಾಕಬೇಕಾದ ಅಂಗಡಿಕಾರರ ಮೇಲೆ ಅವನು ಕೂಗಿದ್ದೆಲ್ಲ ಸಾಲುಸಾಲಾಗಿ ಬಂತು, ಎಲ್ಲಕ್ಕಿಂತ ಮೇಲೆ ಹಲ್ಲಿ. ‘ಮೊದ್ಲು ಇದನ್ನ ಹಸನ ಮಾಡಿಕೊಂಡು ಬಾ’ ಎಂದು ಕಳಿಸಿದರು.

ಮೈಕಿಲ್ಲದೆ, ಬಿಳಿ ಅಂಗಿ ತೊಟ್ಟು, ರೋಹನ ಖಾನಾವಳಿಯ ಹೊಸ್ತಿಲು ದಾಟಿದ. ಬಗ್ಗಿ ಕಾಲು ಮುಟ್ಟಲು ಬಂದ. ರೇಣವ್ವ ಕಾಲು ಹಿಂದಕ್ಕೆಳೆದುಕೊಂಡಳು.

“ಮಾವಶಿ, ಹಳೇದೆಲ್ಲ ಬಿಡು. ಹುಡುಗುಬುದ್ಧಿ. ಆ ವಿಡಿಯೊ ತೆಗೀತೀನಿ. ನಿನ್ನ ಕೈಯಾರೆ ಅಳಸು, ಬೇಕಾರ.” ಮೊಬೈಲು ಅವಳ ಕೈಗೆ ಕೊಟ್ಟ. “ಇಲ್ಲೊತ್ತು. ಮುಗೀತು.”

ಹಿಟ್ಟು ಮೆತ್ತಿದ ಹೆಬ್ಬೆರಳು ಗಾಜಿನ ಮೇಲೆ ನಿಂತಿತು. ಮೂರು ವರ್ಷ ಬೇಡಿದ್ದು ಒಂದು ಒತ್ತಿನಷ್ಟು ದೂರದಲ್ಲಿತ್ತು. ಮೂಲೆಯಲ್ಲಿ ಉಣ್ಣುತ್ತಿದ್ದ ಲಕ್ಷ್ಮಣ ತುತ್ತು ಹಿಡಿದವನು ಹಾಗೇ ನೋಡುತ್ತಿದ್ದ. ರೇಣವ್ವ ಒಲೆಯ ಕಡೆ ನೋಡಿದಳು, ಖಾಲಿ ಬೆಂಚುಗಳ ಕಡೆ ನೋಡಿದಳು, ಬಿಳಿ ಅಂಗಿಯ ಕಡೆ ನೋಡಿದಳು. ಬೆರಳು ತೆಗೆದಳು.

“ಇದನ್ನ ಅಳಿಸಿದ್ರ ನೀ ಚೊಕ್ಕ ಆಗ್ತಿ. ನಾ?”

“ನಿಂದೂ ಹೋಗ್ತೈತಲ್ಲ ಮಾವಶಿ.”

“ಮೊಬೈಲಿನ್ಯಾಗಿಂದು ಹೋಗ್ತೈತಿ. ಮಂದಿ ತಲ್ಯಾಗಿನ ಹಲ್ಲಿ ಯಾರ್ ತೆಗೀತಾರ? ನಾಳಿ ನೀ ಮೆಂಬರ್ ಆಗಿ ಹಾರ ಹಾಕ್ಕೊಂಡು ಇದ ರಸ್ತಾದಾಗ ಹೋಗ್ತಿ, ನಾ ಹಲ್ಲಿ ರೇಣವ್ವ ಆಗೇ ಸಾಯ್ತೀನಿ. ಅದು ಸುಳ್ಳು ಅಂತ ತೋರ್ಸಾಕ ಆ ವಿಡಿಯೊನೂ ಉಳಿಯಂಗಿಲ್ಲ. ಅಳಸಬ್ಯಾಡ. ಅಲ್ಲೇ ಇರ್ಲಿ.”

“ಮತ್ತ ಏನ್ ಬೇಕು ನಿನಗ?”

“ಅದ ಮೈಕು ತಗೊಂಡ ಬಾ. ಅವತ್ತ ಎಲ್ಲಿ ನಿಂತಿದ್ದಿ ಅಲ್ಲೇ ನಿಲ್ಲು. ಅವತ್ತ ಎಷ್ಟು ಕೂಗಿದ್ದಿ ಅಷ್ಟ ಕೂಗು. ‘ಹಲ್ಲಿ ಇಕೀದಲ್ಲ, ಪುಕ್ಕಟೆ ಊಟ ಹಾಕಲಿಲ್ಲಂತ ನಾನ ಸುಳ್ಳ ಹೇಳೇನಿ’ ಅನ್ನು. ಹಳೀ ವಿಡಿಯೊದ ಬಾಜೂಕ ಅದನ್ನ ಹಾಕು. ಆಮ್ಯಾಲ ಓಟು ಕೇಳಾಕ ಬಾ, ತುಪ್ಪ ಹಾಕಿ ಉಣಸ್ತೀನಿ.”

ರೋಹನನ ನಗೆ ಆರಿತು. “ತಲಿ ಕೆಟ್ಟೈತೇನ್ ಮುದಕಿ? ನಂದು ನಾನ ಅಳಿಸ್ತೀನಿ, ಏನ್ ಮಾಡ್ತಿ ಮಾಡ್ಕೊ!” ಎಂದು ಮೊಬೈಲು ಕಸಿದುಕೊಂಡು ಅಲ್ಲೇ ಒತ್ತಿದ. ಹಲ್ಲಿ ಹೋಯಿತು.

ರೇಣವ್ವ ಮೂಲೆಯ ಬೆಂಚಿನ ಕಡೆ ತಿರುಗಿದಳು. “ಲಕ್ಷ್ಮಣಾ, ನಿನ್ನ ಕಡೆ ಎರಡೂ ಅದಾವಿಲ್ಲೋ?”

“ಎರಡೂ ಅದಾವ್ರಿ ಅಕ್ಕಾರ. ಹಲ್ಲೀದೂ ಐತಿ, ಧಮಕೀದೂ ಐತಿ.”

ಮರುದಿನದಿಂದ ಕ್ರಿಕೆಟ್ಟಿಗಾಗಿ ತಂದಿದ್ದ ಟಿ.ವಿ.ಯಲ್ಲಿ ಊಟದ ಹೊತ್ತಿಗೆ ಬೇರೆಯೇ ಆಟ. ಮೊದಲು ಬೆರಳು ತೋರಿಸುವ ರೋಹನ: “ನಾಳಿ ನಿನ್ನ ಅಡಗಿ ಮನ್ಯಾಗ ಏನ್ ಸಿಗತೈತಿ ನೋಡ್ತಿರು.” ಅದರ ಬೆನ್ನಿಗೆ ಹಲ್ಲಿ. ಗುರುಸಿದ್ದ ಟಿ.ವಿ.ಯ ಕೆಳಗೆ ಮೊಳೆ ಹೊಡೆದು ಒಂದು ಸ್ಟೀಲಿನ ತಾಟು ತೂಗುಹಾಕಿದ. ಉಣ್ಣುವವರು ಪರದೆಯ ಮೇಲಿನ ಪ್ಲಾಸ್ಟಿಕ್ ತಾಟು ನೋಡುತ್ತಾರೆ, ಮೊಳೆಯ ತಾಟು ನೋಡುತ್ತಾರೆ, ತಮ್ಮ ಮುಂದಿನ ತಾಟು ನೋಡುತ್ತಾರೆ. ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಟಿಕೆಟ್ ಕೊಡುವವರೂ ಒಂದು ದಿನ ಬಂದು ಉಂಡು, ನೋಡಿ, ಕೈ ತೊಳೆದುಕೊಂಡು ಹೋದರು. ರೋಹನನ ಫೋನು ಎತ್ತುವುದನ್ನು ಬಿಟ್ಟರು.

ಆಗ ರೋಹನನ ವಕೀಲರಿಂದ ನೋಟಿಸು ಬಂತು. ಹಳೆಯದನ್ನು ಮಂದಿ ಮರೆಯಬೇಕೆಂದು ಕೇಳುವ ಹಕ್ಕು ಅವನಿಗಿದೆಯಂತೆ, ಟಿ.ವಿ. ಬಂದ್ ಮಾಡಬೇಕಂತೆ. ಪದ್ಮಶ್ರೀ ಫೋನಿನಲ್ಲಿ ಓದಿ ಹೇಳಿದಾಗ ರೇಣವ್ವ ಬಾಯಿ ತುಂಬ ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ಗುರುಸಿದ್ದ ಮೂರು ವರ್ಷಗಳಲ್ಲಿ ಕೇಳಿರಲಿಲ್ಲ.

“ಅವನ ಬಾಯಿ, ಅವನ ಹಲ್ಲಿ. ನಾ ಒಂದ ಮಾತ ಸೇರ್ಸಿಲ್ಲ ಅಂತ ಬರೀರಿ. ನಾ ಬೇಡಿದಾಗ ಈ ಮರಿಯೂ ಹಕ್ಕು ಎಲ್ಲಿ ಇತ್ತಂತ ಅದನ್ನೂ ಕೇಳ್ರಿ. ಅವ ಮೈಕ ಹಿಡಿದು ಬರೂತನಕ ಟಿ.ವಿ. ಬಂದ್ ಆಗಂಗಿಲ್ಲ.”

ಅವನು ಇನ್ನೂ ಬಂದಿಲ್ಲ. ರೊಟ್ಟಿ ಬಡಿಯಲು ಒಬ್ಬ ಹೆಂಗಸು ಮರಳಿ ಬಂದಿದ್ದಾಳೆ. ಲಾರಿಯವರು ನಿಲ್ಲುತ್ತಿದ್ದಾರೆ. ಆದರೆ ಗೋವಾ ಕಡೆಯ ಕಾರುಗಳು ಇಂದಿಗೂ ವೇಗ ತಗ್ಗಿಸದೆ ಹಾದು ಹೋಗುತ್ತವೆ. ವಿಡಿಯೊ ಅಳಿಸಿ ಹೋಗಿದ್ದರೂ ಹಲ್ಲಿಯ ಮಾತು ನೂರಾರು ಗ್ರೂಪುಗಳಲ್ಲಿ ಹಾಗೇ ಕೂತಿದೆ. ಅದನ್ನು ಅಲ್ಲಿಗೆ ಮುಟ್ಟಿಸಿದ್ದು ಯಂತ್ರವಲ್ಲ, ರೋಹನನೊಬ್ಬನೇ ಅಲ್ಲ. ಮುಟ್ಟಿಸಿದವರು ನೀವು. ನಗುತ್ತ ಕಳಿಸಿದಿರಿ, ಥೂ ಎನ್ನುತ್ತ ಕಳಿಸಿದಿರಿ, ಎಚ್ಚರವಿರಲೆಂದು ಕಳಿಸಿದಿರಿ. ತಾಟು ನೋಡದೆ ಕಳಿಸಿದಿರಿ.

ಈಗ ಮೊಬೈಲು ತೆಗೆಯಿರಿ. ಯಾರ್ಯಾರಿಗೆ ಆ ಹಲ್ಲಿ ಕಳಿಸಿದ್ದಿರೋ, ಅವರೊಬ್ಬರನ್ನೂ ಬಿಡದೆ, ‘ಅದು ಸುಳ್ಳು, ನಾನು ನೋಡದೆ ಕಳಿಸಿದ್ದೆ’ ಎಂದು ನಿಮ್ಮ ಹೆಸರು ಹಾಕಿ ಬರೆಯಿರಿ. ಈ ಹಾಳೆ ಮಡಚುವ ಮೊದಲು ಕಳಿಸಿರಿ.