ಶರಣಮ್ಮನ ತುರ್ತು ನಂಬರ್

ನನ್ನ ಹಳೆಯ ವಿದ್ಯಾರ್ಥಿನಿ ಶರಣಮ್ಮ ಈಗ ಕಾನೂನು ಓದುತ್ತಿದ್ದಾಳೆ. ಅವಳಿಗೆ ವಿದೇಶದ ಮಾನವ ಹಕ್ಕುಗಳ ಸಂಸ್ಥೆಯೊಂದರಲ್ಲಿ ಮೂರು ತಿಂಗಳ ಇಂಟರ್ನ್‌ಶಿಪ್ ಸಿಕ್ಕಿತು. ತುರ್ತಿಗೆ ಯಾರದಾದರೂ ನಂಬರ್ ಕೊಡಬೇಕಿತ್ತು. ಅವಳ ಅಪ್ಪ ಇಲ್ಲೇ ಹೈದರಾಬಾದಿನ ಮೆಹದಿಪಟ್ಟಣಂನಲ್ಲಿ ಗೌಂಡಿ ಕೆಲಸ ಮಾಡುತ್ತಾರೆ.

"ಇಂಗ್ಲಿಷಿನಾಗ ಫೋನ್ ಬಂದ್ರ ನಾ ಹಲೋ ಅಂದು ಇಟ್ಟಬಿಡ್ತೀನ್ರಿ. ನಿಮ್ಮ ನಂಬರ್ ಬರೀರಿ ಟೀಚರ್," ಎಂದರು.

ಸಂಸ್ಥೆಯವರು ಒಮ್ಮೆ ಫೋನ್ ಮಾಡಿ ಪರೀಕ್ಷಿಸುತ್ತಾರಂತೆ. ಎತ್ತದಿದ್ದರೆ ಅವಳನ್ನು ಕರೆಸಿಕೊಳ್ಳುವುದಿಲ್ಲವಂತೆ. ನನ್ನ ಗಂಡ ತೀರಿಕೊಂಡ ಸುದ್ದಿ ಬಂದದ್ದು ಗೊತ್ತಿಲ್ಲದ ನಂಬರಿನಿಂದ. ಆಮೇಲೆ ಅಂಥ ಫೋನ್ ನಾನು ಎತ್ತಿರಲಿಲ್ಲ.

ನಂಬರ್ ಕೊಟ್ಟ ಐದನೆಯ ದಿನ ಸ್ಟಾಫ್ ರೂಮಿನಲ್ಲಿದ್ದಾಗ ಫೋನ್ ಬಂತು. ಎರಡು ಸಲ ಸುಮ್ಮನೆ ನೋಡುತ್ತ ಕುಳಿತೆ. ಮೂರನೆಯ ಸಲ ಎತ್ತಿದೆ.

"ಅವಳಿಗೆ ಏನಾದರೂ ಆದರೆ ಮನೆಯವರಿಗೆ ತಕ್ಷಣ ಫೋನ್ ಮಾಡುತ್ತೀರಾ?" ಎಂದು ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ. ಆಟೊ ಹಿಡಿದು ಹೋಗಿ, ಪಕ್ಕದಲ್ಲಿ ಕುಳಿತು ಹೇಳುತ್ತೇನೆ."

ಶರಣಮ್ಮನ ಅವಕಾಶ ಕೆಡಿಸಿದೆ ಎಂದುಕೊಂಡೆ.

"ಎಷ್ಟು ನಿಮಿಷದ ದಾರಿ?"

"ಟ್ರಾಫಿಕ್ ಇಲ್ಲದಿದ್ದರೆ ಇಪ್ಪತ್ತು."

"ಬರೆದುಕೊಂಡೆ."

ಶರಣಮ್ಮ ಈಗ ಅಲ್ಲಿದ್ದಾಳೆ. ನಾನು ಯಾವ ನಂಬರ್ ಬಂದರೂ ಮೊದಲ ರಿಂಗಿಗೇ ಎತ್ತುತ್ತೇನೆ. ಇದುವರೆಗೆ ಬಂದವೆಲ್ಲ ಪ್ಲಾಟ್ ಮಾರುವವರ ಫೋನುಗಳು. ಬೇಡ ಎಂದು ಇಷ್ಟು ಸಂತೋಷದಿಂದ ಹೇಳುವವರು ಅವರಿಗೆ ಬೇರೆ ಸಿಕ್ಕಿರಲಾರರು.